ರೆಪ್ಪೆ ಮತ್ತು ಮುಚ್ಚಳ

‘ಕಣ್ಣಿಗೆ ರೆಪ್ಪೆಯ ಹಾಗೆ ನೋಡಿಕೊಂಡರು’ ಎನ್ನುವುದು ನಮ್ಮಲ್ಲಿ ದೊಡ್ಡ ಹೊಗಳಿಕೆ. ತಾಯಿಯಿಲ್ಲದ ಮೊಮ್ಮಗುವನ್ನು ಸಾಕಿದ ಅಜ್ಜಿಗೆ, ತಂಗಿಯರ ಮದುವೆಯಾಗುವ ತನಕ ತಾನು ಕಾದ ಅಣ್ಣನಿಗೆ, ಹಾಸಿಗೆ ಹಿಡಿದ ಅತ್ತೆಯ ಸೇವೆ ಮಾಡಿದ ಸೊಸೆಗೆ ಈ ಮಾತು ಸಲ್ಲುತ್ತದೆ. ಆದರೆ ರೆಪ್ಪೆ ಕಣ್ಣನ್ನು ಹೇಗೆ ಕಾಯುತ್ತದೆ ಎಂದು ನಾವು ಯೋಚಿಸುವುದು ಕಡಿಮೆ. ಎಚ್ಚರವಾಗಿರುವಷ್ಟು ಹೊತ್ತೂ ಅದು ಹೆಚ್ಚಾಗಿ ತೆರೆದೇ ಇರುತ್ತದೆ. ಧೂಳು ಹಾರಿದಾಗ, ಒಗ್ಗರಣೆ ಸಿಡಿದಾಗ, ಬಿಸಿಲು ರಾಚಿದಾಗ ಒಂದು ಗಳಿಗೆ ಮುಚ್ಚುತ್ತದೆ, ಮರುಗಳಿಗೆಗೆ ತೆರೆಯುತ್ತದೆ. ಸದಾ ಮುಚ್ಚಿಯೇ ಇರುವುದಾದರೆ ಅದನ್ನು ಯಾರೂ ರೆಪ್ಪೆ ಎನ್ನುತ್ತಿರಲಿಲ್ಲ. ಮುಚ್ಚಳ ಎನ್ನುತ್ತಿದ್ದರು.

ಮುಚ್ಚಳವೇನೂ ಕೆಟ್ಟದ್ದಲ್ಲ. ಉಪ್ಪಿನಕಾಯಿ ಜಾಡಿಗೆ ಅದು ಬೇಕೇ ಬೇಕು. ಆದರೆ ಸಂಡಿಗೆಗೆ? ಮಹಡಿಯ ಮೇಲೆ ಸಂಡಿಗೆ ಇಟ್ಟು ಕಾಗೆ ಬರುತ್ತದೆಂದು ತಟ್ಟೆ ಮುಚ್ಚಿಟ್ಟರೆ ಮೂರನೆಯ ದಿನಕ್ಕೆ ಬೂಷ್ಟು ಹಿಡಿಯುತ್ತದೆ. ಅದಕ್ಕೇ ನಮ್ಮ ಅಜ್ಜಿಯಂದಿರು ಕೈಯಲ್ಲಿ ಕೋಲು ಕೊಟ್ಟು ನಮ್ಮನ್ನು ನೆರಳಲ್ಲಿ ಕೂರಿಸುತ್ತಿದ್ದರು. ಸಂಡಿಗೆಗೆ ಬಿಸಿಲೂ ಬೇಕು, ಕಾವಲೂ ಬೇಕು. ಎರಡನ್ನೂ ಒಟ್ಟಿಗೆ ಕೊಡುವುದು ಹೇಗೆ ಎಂಬುದೇ ಪ್ರಶ್ನೆ. ಇದು ಸಂಡಿಗೆಯ ಪ್ರಶ್ನೆಯಷ್ಟೇ ಅಲ್ಲ ಎಂದು ನನಗೆ ತಿಳಿಸಿಕೊಟ್ಟದ್ದು ಒಂದು ಹಳೆಯ ಕ್ಯಾಮೆರಾ.

ಅದು ನಮ್ಮ ಚಿಕ್ಕಪ್ಪನದು. ಸೋವಿಯತ್ ದೇಶದ ಜೋರ್ಕಿ-4. ಮಾಸ್ಕೋ ಹತ್ತಿರದ ಕ್ರಾಸ್ನೊಗೋರ್ಸ್ಕ್ ಎಂಬ ಊರಿನ ಕಾರ್ಖಾನೆ 1956ರಿಂದ 1973ರವರೆಗೆ ಇಂಥವನ್ನು ಲಕ್ಷಗಟ್ಟಲೆ ತಯಾರಿಸಿತು. ಈ ಕ್ಯಾಮೆರಾಗಳ ಮೂಲಪುರುಷ ಮಾತ್ರ ಜರ್ಮನಿಯವನು. ವೆಟ್ಸ್‌ಲಾರ್ ಊರಿನಲ್ಲಿ ಸೂಕ್ಷ್ಮದರ್ಶಕ ತಯಾರಿಸುತ್ತಿದ್ದ ಲೈಟ್ಸ್ ಕಂಪನಿಯಲ್ಲಿ ಆಸ್ಕರ್ ಬರ್ನಾಕ್ ಎಂಬಾತ ಕೆಲಸಕ್ಕಿದ್ದ. ಅವನಿಗೆ ಉಬ್ಬಸ. ಆ ಕಾಲದ ಭಾರದ ಪೆಟ್ಟಿಗೆ ಕ್ಯಾಮೆರಾ, ಗಾಜಿನ ಫಲಕಗಳನ್ನು ಹೊತ್ತು ಗುಡ್ಡ ಹತ್ತಲಾಗದೆ, ಸಿನಿಮಾ ರೀಲನ್ನೇ ಬಳಸುವ ಒಂದು ಪುಟ್ಟ ಕ್ಯಾಮೆರಾವನ್ನು 1914ರ ಹೊತ್ತಿಗೆ ಮಾಡಿಕೊಂಡ. 1925ರಲ್ಲಿ ಅದು ಲೈಪ್‌ಜಿಗ್ ಮೇಳದಲ್ಲಿ ‘ಲೈಕಾ’ ಎಂಬ ಹೆಸರಿನಿಂದ ಜನರ ಮುಂದೆ ಬಂತು. ದೂರವನ್ನು ಅಳೆದು ತೋರಿಸುವ ರೇಂಜ್‌ಫೈಂಡರ್ 1932ರಲ್ಲಿ ಅದರೊಳಗೇ ಸೇರಿಕೊಂಡಿತು. ಜೋರ್ಕಿ ಇದರ ಸೋವಿಯತ್ ಕಡೆಯ ನೆಂಟ.

ಇದರ ಹೊಟ್ಟೆಯೊಳಗೆ ಲೆನ್ಸಿಗೂ ರೀಲಿಗೂ ನಡುವೆ ಕರಿಯ ಬಟ್ಟೆಯ ಎರಡು ಪರದೆಗಳಿರುತ್ತವೆ. ತೆಳುವಾದ ನೇಯ್ಗೆಯ ಬಟ್ಟೆಗೆ ರಬ್ಬರ್ ಲೇಪಿಸಿ ಮಾಡಿದ ಪರದೆ. ಗುಂಡಿ ಒತ್ತಿದಾಗ ಮೊದಲ ಪರದೆ ಸರ್ರನೆ ಪಕ್ಕಕ್ಕೆ ಸರಿಯುತ್ತದೆ, ಹಿಂದೆಯೇ ಎರಡನೆಯದು ಬಂದು ಮುಚ್ಚುತ್ತದೆ. ನಡುವಿನ ಸಂದಿಯಲ್ಲಿ ಸೆಕೆಂಡಿನ ನೂರರಲ್ಲಿ ಒಂದು ಪಾಲೋ ಐನೂರರಲ್ಲಿ ಒಂದು ಪಾಲೋ ಬೆಳಕು ರೀಲಿನ ಮೇಲೆ ಬಿದ್ದು ಚಿತ್ರವಾಗುತ್ತದೆ. ಉಳಿದೆಲ್ಲ ಹೊತ್ತೂ ಪರದೆಯ ಕೆಲಸ ಒಂದೇ, ಬೆಳಕನ್ನು ತಾನು ತಡೆದುಕೊಂಡು ರೀಲನ್ನು ಕತ್ತಲಲ್ಲಿ ಇಡುವುದು. ಬರ್ನಾಕನ ಮೊದಲ ಮಾದರಿಯಲ್ಲಿ ರೀಲು ಸುತ್ತುವಾಗ ಈ ಪರದೆಗಳು ಪೂರ್ತಿ ಮುಚ್ಚಿಕೊಳ್ಳುತ್ತಿರಲಿಲ್ಲವಂತೆ. ಹಾಗಾಗಿ ಪ್ರತಿ ಸಲವೂ ಲೆನ್ಸಿಗೆ ಮುಚ್ಚಳ ಹಾಕಿಯೇ ಸುತ್ತಬೇಕಿತ್ತು. 1925ರಲ್ಲಿ ಮಾರಾಟಕ್ಕೆ ಬಂದ ಲೈಕಾದಲ್ಲಿ ಪರದೆಗಳು ಒಂದರ ಮೇಲೊಂದು ಬಂದು ತಾವೇ ಮುಚ್ಚಿಕೊಳ್ಳುವಂತಾಯಿತು. ಮುಚ್ಚಳದ ಹಂಗು ತಪ್ಪಿತು.

ತಪ್ಪಿತೆಂದು ಜನ ಅಂದುಕೊಂಡರು. ಏಕೆಂದರೆ ಬಟ್ಟೆಗೆ ಒಬ್ಬ ಶತ್ರುವಿದ್ದಾನೆ, ಸೂರ್ಯ.

ನಾವೆಲ್ಲ ಚಿಕ್ಕಂದಿನಲ್ಲಿ ಭೂತಗನ್ನಡಿ ಹಿಡಿದು ಕಾಗದ ಸುಟ್ಟವರೇ ಅಲ್ಲವೆ? ಕ್ಯಾಮೆರಾದ ಲೆನ್ಸೂ ಒಂದು ಭೂತಗನ್ನಡಿ. ಈಚಿನ ದೊಡ್ಡ ರೀಲ್ ಕ್ಯಾಮೆರಾಗಳಲ್ಲಿ ಲೆನ್ಸಿನ ಹಿಂದೆ ಒಂದು ಕನ್ನಡಿ ನಿಂತು ಬೆಳಕನ್ನು ಮೇಲಕ್ಕೆ, ನಮ್ಮ ಕಣ್ಣಿಗೆ ತಿರುಗಿಸುತ್ತದೆ. ಪರದೆ ಅದರ ಮರೆಯಲ್ಲಿ ಸುಖವಾಗಿರುತ್ತದೆ. ರೇಂಜ್‌ಫೈಂಡರಿನಲ್ಲಿ ಆ ಕನ್ನಡಿ ಇಲ್ಲ. ನಾವು ನೋಡುವುದು ಪಕ್ಕದ ಬೇರೊಂದು ಕಿಂಡಿಯಲ್ಲಿ. ಲೆನ್ಸು ಕಂಡದ್ದೆಲ್ಲ ನೇರವಾಗಿ ಬಟ್ಟೆಯ ಮೇಲೆ ಬೀಳುತ್ತದೆ. ಐವತ್ತು ಮಿಲಿಮೀಟರಿನ ಸಾಮಾನ್ಯ ಲೆನ್ಸು ಸೂರ್ಯನನ್ನು ಅರ್ಧ ಮಿಲಿಮೀಟರಿಗೂ ತುಸು ಕಡಿಮೆ ಅಗಲದ ಬೊಟ್ಟು ಮಾಡಿ ಪರದೆಯ ಮೇಲೆ ಇಡುತ್ತದೆ. ಲೆನ್ಸಿನ ಕಂಡಿ ಎಫ್ 2ರಷ್ಟು ತೆರೆದಿದ್ದರೆ ಅದರ ಅಗಲ 25 ಮಿಲಿಮೀಟರು. ಅಷ್ಟಗಲದ ಬಿಸಿಲು ಅಷ್ಟು ಸಣ್ಣ ಬೊಟ್ಟಿನೊಳಗೆ ಕೂಡಿದರೆ ಲೆಕ್ಕದಲ್ಲಿ ಸುಮಾರು ಮೂರು ಸಾವಿರ ಪಟ್ಟು ಚುರುಕಾಗುತ್ತದೆ. ಗಾಜಿನಲ್ಲಿ ಒಂದಿಷ್ಟು ಸೋರಿಹೋದರೂ ಬಟ್ಟೆ ಸುಡಲು ಉಳಿದದ್ದು ಧಾರಾಳ. ಕೆಲವು ಸೆಕೆಂಡುಗಳೇ ಸಾಕಾಗಬಹುದು.

ಇದರಲ್ಲಿ ಒಂದು ವಿಚಿತ್ರವನ್ನು ಗಮನಿಸಿ. ಕ್ಯಾಮೆರಾ ಕೆಲಸ ಮಾಡುವಾಗ ಈ ಕೇಡು ಆಗುವುದು ಅಪರೂಪ. ಕೈಯಲ್ಲಿ ಹಿಡಿದು ಅತ್ತಿತ್ತ ತಿರುಗಿಸುವಾಗ ಸೂರ್ಯನ ಬೊಟ್ಟೂ ಅತ್ತಿತ್ತ ಓಡಾಡುತ್ತದೆ, ಒಂದು ಕಡೆ ನೆಲೆ ನಿಲ್ಲುವುದಿಲ್ಲ. ಕೆಲಸ ಮುಗಿಸಿ ಎಲ್ಲೋ ಒಂದು ಕಡೆ ಮುಖ ಮೇಲಾಗಿ ಇಟ್ಟು, ಬುತ್ತಿ ಬಿಚ್ಚಿ ಮಾತಿಗೆ ಕುಳಿತಾಗ ಬೊಟ್ಟು ಅಲ್ಲೇ ನಿಲ್ಲುತ್ತದೆ. ಬಟ್ಟೆ ಸುಡುತ್ತದೆ. ಸದ್ದಿಲ್ಲ, ಕಣ್ಣಿಗೆ ಕಾಣುವ ಹೊಗೆಯಿಲ್ಲ. ಗ್ರಹಣದ ದಿನ ಬರಿಗಣ್ಣಿನಿಂದ ಸೂರ್ಯನನ್ನು ನೋಡಬೇಡಿ ಎಂದು ವೈದ್ಯರು ಹೇಳುವುದೂ ಇದೇ ಕಾರಣಕ್ಕೆ. ಕಣ್ಣಿನ ಹಿಂದಿನ ತೆಳುಪರದೆಗೆ ನೋವು ತಿಳಿಯುವ ನರಗಳಿಲ್ಲ. ಸುಟ್ಟಾಗ ನೋಯುವುದಿಲ್ಲ. ಆಮೇಲೆ ನೋಡಲು ಹೋದಾಗ ತಿಳಿಯುತ್ತದೆ.

ಚಿಕ್ಕಪ್ಪನ ಕ್ಯಾಮೆರಾದಲ್ಲೂ ತಿಳಿದದ್ದು ಆಮೇಲೆಯೇ, ಬಹಳ ಆಮೇಲೆ. 1969ರಲ್ಲಿ ಅವರ ಮದುವೆಯಾಯಿತು. ಅದಾದ ಕೆಲವು ತಿಂಗಳಿಗೆ ಅವರು ತೆಗೆದ ಚಿತ್ರಗಳಲ್ಲಿ ಒಂದು ಬಿಳಿಯ ಚುಕ್ಕೆ ಕಾಣಿಸಿಕೊಳ್ಳತೊಡಗಿತು. ಯಾವಾಗಲೂ ಒಂದೇ ಜಾಗ, ಚಿತ್ರದ ಮೇಲ್ಭಾಗದಲ್ಲಿ, ನಡುವಿನಿಂದ ಸ್ವಲ್ಪ ಬಲಕ್ಕೆ. ಅಂಗಳದಲ್ಲಿ ತೆಗೆದ ಚಿತ್ರದಲ್ಲಿ ಅದು ಅತ್ತೆಯ ಹಣೆಯ ಮೇಲೆ ಬಂತು. ಜಾತ್ರೆಯ ಚಿತ್ರದಲ್ಲಿ ತೇರಿನ ಕಳಸವನ್ನೇ ನುಂಗಿತು. ಮೊದಲು ರೀಲು ತೊಳೆದುಕೊಡುವ ಸ್ಟುಡಿಯೋದವನ ಮೇಲೆ ಜಗಳವಾಯಿತು. ಅವನು ತನ್ನ ತಪ್ಪಲ್ಲವೆಂದು ದೇವರ ಪಟದ ಮೇಲೆ ಆಣೆ ಮಾಡಿದ. ಆಮೇಲೆ ಮನೆಯಲ್ಲಿ ಹಿರಿಯರೊಬ್ಬರು ಒಂದು ಮಾತು ಅಂದರು: “ಇವಳು ಬಂದ ಮೇಲೆ ತಾನೇ ಇದೆಲ್ಲ? ಕಾಲ್ಗುಣ.”

ಕಾಲ್ಗುಣ ಎಂಬ ಮಾತಿನ ತೂಕ ನಿಮಗೆ ಗೊತ್ತೇ ಇದೆ. ಹಸು ಗಬ್ಬವಾಗದಿದ್ದರೆ, ಬಾವಿ ಬತ್ತಿದರೆ, ಮಾವನಿಗೆ ವರ್ಗವಾದರೆ ಹೊಸ ಸೊಸೆಯ ಕಾಲಿನ ಕಡೆ ನೋಡುವ ಮನೆಗಳು ಆಗ ಬೇಕಾದಷ್ಟಿದ್ದವು. ಈಗ ಇಲ್ಲವೇ ಇಲ್ಲ ಎಂದೂ ಹೇಳಲಾರೆ. ಸಾಲದ್ದಕ್ಕೆ ಸಾಕ್ಷಿಯೂ ಸಿಕ್ಕಿತು. ದೇವರ ಮನೆಯ ಮಬ್ಬುಬೆಳಕಿನಲ್ಲಿ ತೆಗೆದ ಚಿತ್ರಗಳಲ್ಲಿ ಚುಕ್ಕೆ ಇರುತ್ತಲೇ ಇರಲಿಲ್ಲ, ಇದ್ದರೂ ಮಾಸಲು. ಹೊರಗೆ ಬಿಸಿಲಿನಲ್ಲಿ ಎಲ್ಲರೂ ನಿಂತ ಚಿತ್ರದಲ್ಲಿ ಎದ್ದು ಕಾಣುತ್ತಿತ್ತು. ಚಿಕ್ಕಮ್ಮ ದೇವರ ಮನೆಯ ಚಿತ್ರಗಳಲ್ಲಿ ಇರುತ್ತಿದ್ದುದು ಕಡಿಮೆ, ಅಂಗಳದ ಚಿತ್ರಗಳಲ್ಲಿ ಇದ್ದೇ ಇರುತ್ತಿದ್ದರು. ಮುಂದೆ ಚಿತ್ರ ತೆಗೆಯುವಾಗಲೆಲ್ಲ ಚಿಕ್ಕಮ್ಮ “ಒಲೆ ಮೇಲೆ ಸಾರಿದೆ” ಎಂದು ಒಳಗೆ ಹೋಗುವುದು ಅಭ್ಯಾಸವಾಯಿತು. ನಮ್ಮ ಆಲ್ಬಮ್ಮಿನಲ್ಲಿ ಹನ್ನೆರಡು ವರ್ಷಗಳ ಕಾಲ ಅವರು ಹೆಚ್ಚುಕಡಿಮೆ ಇಲ್ಲವೇ ಇಲ್ಲ. ಅವರು ಒಳಗೆ ಹೋದ ಮೇಲೂ ಚುಕ್ಕೆ ಬರುತ್ತಲೇ ಇತ್ತು. ಆದರೆ ಅದನ್ನು ಯಾರೂ ಲೆಕ್ಕಕ್ಕೆ ಹಿಡಿಯಲಿಲ್ಲ.

ಚಿಕ್ಕಪ್ಪ ತೀರಿಕೊಂಡ ಮೇಲೆ ಆ ಕ್ಯಾಮೆರಾ ಟ್ರಂಕಿನ ಸಮೇತ ನನ್ನ ಬಳಿಗೆ ಬಂತು. ಈಗಿನ ಹುಡುಗ ಹುಡುಗಿಯರಿಗೆ ಮತ್ತೆ ರೀಲಿನ ಮೋಹ ಹತ್ತಿದೆ. ಬೆಂಗಳೂರಿನಲ್ಲಿ ಓದುತ್ತಿರುವ ನನ್ನ ಮೊಮ್ಮಗಳು ಅದನ್ನು ಕೇಳಿ ಪಡೆದು, ಹಳೆಯ ಕ್ಯಾಮೆರಾ ದುರಸ್ತಿ ಮಾಡುವ ಒಬ್ಬ ಹಿರಿಯರ ಹತ್ತಿರ ನನ್ನನ್ನೂ ಕರೆದುಕೊಂಡು ಹೋದಳು. ಅವರು ಲೆನ್ಸು ಬಿಚ್ಚಿದರು, ಹಿಂಬದಿಯ ಕವಚ ತೆಗೆದರು, ದೀಪ ಆರಿಸಿ ಮುಂದಿನಿಂದ ಟಾರ್ಚ್ ಹಿಡಿದರು. ಕತ್ತಲೆಯ ಬಟ್ಟೆಯಲ್ಲಿ ಒಂದು ನಕ್ಷತ್ರ ಕಂಡಿತು. ಒಂದೇ ಒಂದು, ಸಾಸಿವೆಗಿಂತ ಸಣ್ಣದು. “ಬಿಸಿಲು ತಿಂದಿದೆ ಅಮ್ಮ” ಎಂದರು. ಸುಟ್ಟದ್ದು ಮೊದಲ ಪರದೆ. ರೀಲು ಸುತ್ತಿ ಮುಂದಿನ ಚಿತ್ರಕ್ಕೆ ಕಾಯುತ್ತಿರುವಾಗ ಲೆನ್ಸಿನ ಎದುರು ನಿಲ್ಲುವುದು ಅದೇ. ಕಾಯುವಷ್ಟು ಹೊತ್ತೂ ಆ ತೂತಿನಿಂದ ಬೆಳಕು ರೀಲಿನ ಒಂದೇ ಜಾಗಕ್ಕೆ ಸೋರುತ್ತಿರುತ್ತದೆ. ಹೊರಗೆ ಬೆಳಕು ಜಾಸ್ತಿಯಾದ್ದರಿಂದ ಚುಕ್ಕೆ ಗಾಢ. ದೇವರ ಮನೆಯಲ್ಲಿ ಬೆಳಕೇ ಇಲ್ಲದ್ದರಿಂದ ಚುಕ್ಕೆಯೂ ಇಲ್ಲ. ದೇವರದೂ ಇಲ್ಲ, ಚಿಕ್ಕಮ್ಮನದೂ ಇಲ್ಲ.

ಊರಿಗೆ ಬಂದು ಟ್ರಂಕಿನಲ್ಲಿದ್ದ ನೆಗೆಟಿವ್‌ಗಳನ್ನು ಸಾಲಾಗಿ ಜೋಡಿಸಿದೆವು. ಮದುವೆಯ ರೀಲಿನಲ್ಲಿ ಚುಕ್ಕೆ ಇಲ್ಲ. ಮನೆ ತುಂಬಿಸಿಕೊಂಡ ದಿನದ್ದರಲ್ಲಿ ಇಲ್ಲ. ಗೋಕರ್ಣಕ್ಕೆ ಇಬ್ಬರೂ ಹೋಗಿದ್ದಾಗಿನ ರೀಲಿನ ಮೊದಲ ಅರ್ಧದಲ್ಲಿ ಚಿಕ್ಕಮ್ಮ ಸಮುದ್ರದ ಎದುರು ನಗುತ್ತಾ ನಿಂತಿದ್ದಾರೆ, ಅಲ್ಲೂ ಇಲ್ಲ. ನಂತರದ ಚಿತ್ರದಿಂದ ಶುರು. ಏಪ್ರಿಲ್ ಕೊನೆಯ ಹೊತ್ತಿಗೆ ನಮ್ಮ ಕರಾವಳಿಯಲ್ಲಿ ಮಧ್ಯಾಹ್ನದ ಸೂರ್ಯ ಸರಿಯಾಗಿ ನೆತ್ತಿಯ ಮೇಲಿರುತ್ತಾನೆ. ಮರಳಿನ ಮೇಲೆ ಮುಖ ಮೇಲಾಗಿ ಮಲಗಿಸಿದ ಕ್ಯಾಮೆರಾ ಅವನನ್ನು ನೆಟ್ಟನೋಟದಿಂದ ನೋಡಿರಬೇಕು. ಸಮುದ್ರ ತೆಗೆದಾದ ಮೇಲೆ ಲೆನ್ಸು ದೂರದ ನೋಟಕ್ಕೇ ನಿಂತಿದ್ದರಂತೂ ಬೊಟ್ಟು ಇನ್ನೂ ಮೊನಚು. ಎಪ್ಪತ್ತೈದು ಸಮೀಪಿಸಿದ ಚಿಕ್ಕಮ್ಮನಿಗೆ ಇದನ್ನೆಲ್ಲ ಹೇಳಿ, ಆ ತೂತಿನ ಅಳತೆಯನ್ನು ಪೆನ್ಸಿಲ್ ಮೊನೆಯಿಂದ ಕಾಗದದ ಮೇಲೆ ತೋರಿಸಿದೆ. ಅವರು ಕನ್ನಡಕ ಸರಿಮಾಡಿಕೊಂಡು ನೋಡಿದರು. “ಇಷ್ಟೇ ಇಷ್ಟಾ?” ಎಂದರು. ಬೇರೇನೂ ಹೇಳಲಿಲ್ಲ.

ಆ ‘ಇಷ್ಟೇ ಇಷ್ಟಾ’ ನನ್ನನ್ನು ಬಿಡಲಿಲ್ಲ. ಯಾರದು ತಪ್ಪು ಎಂದು ಒಬ್ಬೊಬ್ಬರನ್ನೇ ನಿಲ್ಲಿಸಿ ವಿಚಾರಿಸಿ ನೋಡೋಣ.

ಸೂರ್ಯನದೇ? ಅವನು ಎಲ್ಲರ ಮನೆಯ ಸಂಡಿಗೆ ಒಣಗಿಸುವವನು. ಅವನಿಲ್ಲದೆ ಚಿತ್ರವೇ ಇಲ್ಲ. ಲೆನ್ಸಿನದೇ? ಚೆದುರಿದ್ದನ್ನು ಕೂಡಿಸುವುದು ಅದರ ಕಸುಬು. ಕೂಡಿಸುವ ಗುಣವೇ ಚಿತ್ರ ಬಿಡಿಸಿತು, ಕೂಡಿಸುವ ಗುಣವೇ ಸುಟ್ಟಿತು. ಹಾಗಾದರೆ ಬಟ್ಟೆಯದೇ? ಇಲ್ಲಿ ನಾವು ಸ್ವಲ್ಪ ನಿಲ್ಲಬೇಕು. ಏಕೆಂದರೆ ಮನೆಗಳಲ್ಲಿ ತೀರ್ಪು ಹೆಚ್ಚಾಗಿ ಬೀಳುವುದು ಇಲ್ಲಿಯೇ. “ಅವಳು ತುಂಬಾ ಸೂಕ್ಷ್ಮ, ಒಂದು ಮಾತು ತಡೆಯಲ್ಲ” ಎಂದು ಯಾರನ್ನಾದರೂ ಕುರಿತು ಹೇಳಿದಾಗ ನಾವು ಬಟ್ಟೆಯನ್ನು ದೂರುತ್ತಿರುತ್ತೇವೆ. ಆದರೆ ಬಟ್ಟೆಯನ್ನು ಅಲ್ಲಿ ಇಟ್ಟದ್ದು ಅದು ಮೆತ್ತಗಿದೆ ಎಂಬ ಕಾರಣಕ್ಕೇ. ಮೆತ್ತಗಿರುವುದರಿಂದ ಅದು ಪುಟ್ಟ ಉರುಳೆಗೆ ಸುತ್ತಿಕೊಳ್ಳುತ್ತದೆ, ಹಗುರಾಗಿರುವುದರಿಂದ ಬೇಗ ಓಡುತ್ತದೆ, ಓಡಿದ ಸದ್ದು ಪಕ್ಕದವರಿಗೂ ಕೇಳಿಸುವುದಿಲ್ಲ. ಲೈಕಾದ ಹೆಸರು ಹರಡಿದ್ದೇ ಅದರ ಈ ಪುಟ್ಟತನದಿಂದ, ಮೆಲುದನಿಯಿಂದ. ಫ್ರಾಂಕ್‌ಫರ್ಟಿನಲ್ಲಿ 1899ರಲ್ಲಿ ಹುಟ್ಟಿದ ಇಲ್ಸೆ ಬಿಂಗ್ ಎಂಬಾಕೆ ಡಾಕ್ಟರೇಟಿಗೆ ಓದುತ್ತಿದ್ದವಳು. 1929ರಲ್ಲಿ ಲೈಕಾ ಕೊಂಡು, ಓದು ಬಿಟ್ಟು, ಮರುವರ್ಷ ಪ್ಯಾರಿಸ್ಸಿಗೆ ಹೋಗಿ ‘ಲೈಕಾದ ರಾಣಿ’ ಎನಿಸಿಕೊಂಡಳು. ಒಂಟಿ ಹೆಂಗಸು ಬೀದಿಯಲ್ಲಿ ನಿಂತು ಚಿತ್ರ ತೆಗೆಯಲು ಆ ಪುಟ್ಟ ಕ್ಯಾಮೆರಾ ಹೇಳಿ ಮಾಡಿಸಿದಂತಿತ್ತು. ಯಾವ ಗುಣಕ್ಕಾಗಿ ಕರೆತಂದೆವೋ ಅದೇ ಗುಣವನ್ನು ಕೆಟ್ಟ ದಿನ ಬಂದಾಗ ಕೊರತೆ ಎನ್ನುವುದು ನ್ಯಾಯವಲ್ಲ.

ಉಳಿದವನು ಹಿಡಿದವನು, ನಮ್ಮ ಚಿಕ್ಕಪ್ಪ. ಅವರು ಒಳ್ಳೆಯವರು. ಹೆಂಡತಿಯ ಚಿತ್ರ ತೆಗೆಯಲೆಂದೇ ಸಮುದ್ರಕ್ಕೆ ಹೋದವರು. ಬಿಸಿಲಿಗೆ ಪರದೆ ಸುಡುತ್ತದೆ ಎಂದು ಅವರಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ನನಗೆ ಕುಂತಿಯ ನೆನಪಾಗುತ್ತದೆ. ದೂರ್ವಾಸರು ಬಾಲೆಗೆ ಮಂತ್ರ ಕೊಟ್ಟರು. ಯಾವ ದೇವರನ್ನು ಕರೆದರೂ ಬಂದಾನು ಎಂದರು. ಬಂದರೆ ಏನಾಗುತ್ತದೆ, ಬಂದವನನ್ನು ಬರಿಗೈಲಿ ಕಳಿಸುವುದು ಹೇಗೆ ಎಂದು ಹೇಳಿಕೊಟ್ಟರೆ? ಹುಡುಗಿ ಕುತೂಹಲಕ್ಕೆ ಸೂರ್ಯನ ಕಡೆ ಮುಖ ತಿರುಗಿಸಿದಳು. ಸೂರ್ಯ ತನ್ನ ಸ್ವಭಾವದಂತೆ ಬಂದ. ಜೀವನವಿಡೀ ಅದನ್ನು ಒಳಗೇ ಹೊತ್ತುಕೊಂಡವಳು ಅವಳು. ಶಕ್ತಿಯುಳ್ಳ ವಸ್ತುವನ್ನು ಕೈಗೆ ಕೊಟ್ಟು ಅದರ ಅಪಾಯ ಹೇಳದವರಿಗೆ ಪುರಾಣವೂ ಪ್ರಶ್ನೆ ಕೇಳಲಿಲ್ಲ, ನಾವೂ ಕೇಳುವುದಿಲ್ಲ.

ಗೊತ್ತಿಲ್ಲದೆ ಆದದ್ದನ್ನು ನಾನು ಪಾಪ ಎನ್ನಲಾರೆ. ಗೋಕರ್ಣದ ಮರಳಿನ ಮೇಲೆ ಯಾರದೂ ತಪ್ಪಿರಲಿಲ್ಲ ಎಂದೇ ನನ್ನ ತೀರ್ಮಾನ. ತಪ್ಪು ಆರಂಭವಾದದ್ದು ಅದಾದ ಮೇಲೆ. ಒಂದೇ ಜಾಗದಲ್ಲಿ ಚುಕ್ಕೆ ಬರುತ್ತಿದೆ ಎಂದರೆ ಕಾರಣ ಪೆಟ್ಟಿಗೆಯೊಳಗೇ ಇದೆ ಎಂದು ತಿಳಿಯಲು ವಿದ್ವತ್ತು ಬೇಕಿರಲಿಲ್ಲ. ಒಮ್ಮೆ ತೆರೆದು ನೋಡಿದ್ದರೆ ಸಾಕಿತ್ತು. ತೆರೆದು ನೋಡುವುದಕ್ಕಿಂತ ಬಾಗಿಲ ಬಳಿ ನಿಂತ ಹೊಸಬಳನ್ನು ನೋಡುವುದು ಸುಲಭವಾಗಿತ್ತು. ಅರಿಯದೆ ಆದ ಕೇಡು ಅರ್ಧ ಮಿಲಿಮೀಟರಿನದು. ಅರಿಯಲು ಮನಸ್ಸು ಮಾಡದೆ ಆದದ್ದು ಒಂದು ಹೆಂಗಸಿನ ಹನ್ನೆರಡು ವರ್ಷದ್ದು.

ಈಗ ಪರಿಹಾರಕ್ಕೆ ಬರೋಣ. ಕ್ಯಾಮೆರಾದವರು ಇದಕ್ಕೆ ಮೂರು ದಾರಿ ಕಂಡುಕೊಂಡಿದ್ದಾರೆ. ಮೂರೂ ನಮ್ಮ ಮನೆಗಳಲ್ಲಿ ಇರುವಂಥವೇ.

ಒಂದು, ಸದಾ ಮುಚ್ಚಳ. ಇದರಲ್ಲಿ ಪರದೆ ಖಂಡಿತ ಉಳಿಯುತ್ತದೆ. ಆದರೆ ರೇಂಜ್‌ಫೈಂಡರಿನಲ್ಲಿ ನೋಡುವ ಕಿಂಡಿ ಬೇರೆ, ಚಿತ್ರ ಹಿಡಿಯುವ ಕಣ್ಣು ಬೇರೆ ಎಂದೆನಲ್ಲ. ಲೆನ್ಸಿಗೆ ಮುಚ್ಚಳ ಇದ್ದರೂ ಕಿಂಡಿಯಲ್ಲಿ ಎಲ್ಲವೂ ಸ್ವಚ್ಛವಾಗಿ ಕಾಣುತ್ತದೆ. ಜಾತ್ರೆ ಕಾಣುತ್ತದೆ, ಮಗು ನಗುವುದು ಕಾಣುತ್ತದೆ, ಗುಂಡಿ ಒತ್ತಿದ ಸದ್ದೂ ಬರುತ್ತದೆ. ರೀಲು ತೊಳೆದಾಗ ಏನೂ ಇರುವುದಿಲ್ಲ. ಇಂಥ ಕ್ಯಾಮೆರಾ ಹಿಡಿದವರಲ್ಲಿ ಈ ಅನುಭವ ಆಗದವರು ಕಡಿಮೆ. ಕಾಪಾಡುವವರ ಕಿಂಡಿಯಲ್ಲಿ ಎಲ್ಲ ಸರಿಯಾಗಿದೆ, ಕಾಪಾಡಿಸಿಕೊಂಡವರ ಪಾಲಿಗೆ ಮಾತ್ರ ಕತ್ತಲೆ. ಎಷ್ಟು ಮನೆಗಳಲ್ಲಿ ಹೀಗಿಲ್ಲ? “ನಮ್ಮ ಹುಡುಗಿಗೆ ಏನು ಕಡಿಮೆ ಮಾಡಿದ್ದೇವೆ?” ಎಂದು ಕೇಳುವ ತಂದೆತಾಯಿಗಳು ಸುಳ್ಳು ಹೇಳುತ್ತಿರುವುದಿಲ್ಲ. ಅವರ ಕಿಂಡಿಯಲ್ಲಿ ಹಾಗೆಯೇ ಕಾಣುತ್ತಿರುತ್ತದೆ. ಗಾಂಧಾರಿಯೂ ಕಣ್ಣಿಗೆ ಬಟ್ಟೆ ಕಟ್ಟಿದ್ದು ಪ್ರೀತಿಯಿಂದಲೇ, ನಿಷ್ಠೆಯಿಂದಲೇ. ಅದರಿಂದ ಗಂಡನಿಗೆ ಒಂದು ಕಣ್ಣು ಬರಲಿಲ್ಲ, ಮಕ್ಕಳಿಗೆ ಇದ್ದ ಒಂದು ಜೊತೆ ಕಣ್ಣೂ ಇಲ್ಲವಾಯಿತು.

ಎರಡು, ಬಟ್ಟೆಯನ್ನೇ ತೆಗೆದು ಲೋಹ ಹಾಕುವುದು. ಜರ್ಮನಿಯ ಕಾಂಟ್ಯಾಕ್ಸ್ 1932ರಲ್ಲೇ ಲೋಹದ ಪಟ್ಟಿಗಳ ಪರದೆ ತಂದಿತು. ಜಪಾನಿನ ನಿಕಾನ್ ಎಸ್‌ಪಿ 1957ರಲ್ಲಿ ಬಟ್ಟೆಯಿಂದ ಶುರುವಾಗಿ ಆಮೇಲೆ ಟೈಟೇನಿಯಮ್ಮಿಗೆ ಬದಲಾಯಿತು. 1961ರ ಕ್ಯಾನನ್ 7ರಲ್ಲಿ ಉಕ್ಕಿನ ತೆಳುಹಾಳೆ. ಬಿಸಿಲಿಗೆ ಇವು ಬಟ್ಟೆಯಂತೆ ತೂತು ಬೀಳುವುದಿಲ್ಲ, ನಿಜ. ಆದರೆ ಕ್ಯಾನನ್ನಿನ ಆ ಹಾಳೆಗೆ ಬೆರಳು ತಗುಲಿದರೆ ಸುಕ್ಕು ಬೀಳುತ್ತದೆ, ಬಿದ್ದ ಸುಕ್ಕು ಹೋಗುವುದಿಲ್ಲ. ಕಾಂಟ್ಯಾಕ್ಸಿನಲ್ಲಂತೂ ಆ ಲೋಹದ ಪಟ್ಟಿಗಳನ್ನು ಎಳೆದು ಹಿಡಿದದ್ದು ರೇಷ್ಮೆಯ ದಾರಪಟ್ಟಿ. ಕಾಲ ಕಳೆದಂತೆ ಹರಿಯುತ್ತಿದ್ದುದು ಅದೇ. ಗಟ್ಟಿಯಾಗು, ಕಲ್ಲಾಗು ಎಂದು ನಾವು ಹೆಣ್ಣುಮಕ್ಕಳಿಗೆ ಹೇಳುತ್ತೇವೆ. ಆಗಿಯೂ ಆಗುತ್ತಾರೆ. ಅವರನ್ನು ಒಳಗೆ ಹಿಡಿದಿರುವ ರೇಷ್ಮೆ ಎಲ್ಲಿ ಸವೆಯುತ್ತಿದೆ ಎಂದು ಹೊರಗಿನವರಿಗೆ ತಿಳಿಯುವುದಿಲ್ಲ. ಇನ್ನೊಂದು ಮಾತು. 2022ರಲ್ಲಿ ಲೈಕಾದವರು ತಮ್ಮ ಎಂ6 ಎಂಬ ರೀಲ್ ಕ್ಯಾಮೆರಾವನ್ನು ಮತ್ತೆ ತಯಾರಿಸತೊಡಗಿದಾಗ ಅದಕ್ಕೆ ಹಾಕಿದ್ದು ರಬ್ಬರ್ ಲೇಪಿಸಿದ ಅದೇ ಬಟ್ಟೆಯನ್ನು.

ಮೂರನೆಯ ದಾರಿಗೆ ಖರ್ಚಿಲ್ಲ. ಕ್ಯಾಮೆರಾವನ್ನು ಹೆಗಲಿಗೆ ಹಾಕಿಕೊಂಡು ನಡೆಯುವಾಗ ಲೆನ್ಸು ಮೈ ಕಡೆಗೋ ನೆಲದ ಕಡೆಗೋ ತಿರುಗಿರಲಿ. ಕೆಳಗಿಡುವಾಗ ಸೂರ್ಯ ಎಲ್ಲಿದ್ದಾನೆ ಎಂದು ಒಮ್ಮೆ ನೋಡು. ಚಿತ್ರ ತೆಗೆದಾದ ಮೇಲೆ ಕಂಡಿಯನ್ನು ಕಿರಿದು ಮಾಡು, ಎಫ್ 2ರಿಂದ ಎಫ್ 16ಕ್ಕೆ ತಂದರೆ ಒಳಗೆ ಹೋಗುವ ಬಿಸಿಲು ಅರವತ್ತನಾಲ್ಕರಲ್ಲಿ ಒಂದು ಪಾಲಾಗುತ್ತದೆ. ಲೆನ್ಸನ್ನು ಹತ್ತಿರದ ನೋಟಕ್ಕೆ ತಿರುಗಿಸಿಡು, ಸೂರ್ಯನ ಬೊಟ್ಟು ಹರಡಿಕೊಂಡು ಮೊಂಡಾಗುತ್ತದೆ. ನಡುಮಧ್ಯಾಹ್ನ ಬಯಲಿನಲ್ಲಿ ಸುಮ್ಮನೆ ಇಡಬೇಕಾಗಿ ಬಂದರೆ ಆಗ ಮುಚ್ಚಳ ಹಾಕು, ಎತ್ತಿಕೊಂಡಾಗ ತೆಗೆ. ಇಷ್ಟೇ. ಇದನ್ನೇ ನಾನು ರೆಪ್ಪೆ ಎಂದದ್ದು.

“ಹೇಳುವುದು ಸುಲಭ, ಸದಾ ಎಚ್ಚರ ಯಾರಿಗೆ ಸಾಧ್ಯ?” ಎಂದು ನೀವು ಕೇಳಬಹುದು. ನನ್ನ ಮಗಳೂ ಅದನ್ನೇ ಕೇಳುತ್ತಾಳೆ. ಬೆಂಗಳೂರಿನಲ್ಲಿರುವ ಮಗಳ ಫೋನು ಯಾವ ಬೀದಿಯಲ್ಲಿದೆ ಎಂದು ರಾತ್ರಿ ಎಂಟರ ನಂತರ ತನ್ನ ಫೋನಿನಲ್ಲಿ ನೋಡುತ್ತಾ ಕೂರುತ್ತಾಳೆ. ಅವಳನ್ನು ನಾನು ಹಂಗಿಸಲಾರೆ. ದಿನವಿಡೀ ದುಡಿದು ಬಂದವಳಿಗೆ ಎಚ್ಚರ ಇನ್ನೊಂದು ಕೆಲಸ. ಎಚ್ಚರವನ್ನೆಲ್ಲ ಮನೆಯ ಹೆಂಗಸಿನ ಲೆಕ್ಕಕ್ಕೇ ಬರೆದಿಟ್ಟ ದೇಶ ನಮ್ಮದು. ದಣಿದವರು ಮುಚ್ಚಳ ಹುಡುಕುತ್ತಾರೆ. ‘ಏಳು ಗಂಟೆಯೊಳಗೆ ಮನೆಯಲ್ಲಿರು’ ಎಂದರೆ ತಾಯಿಗೆ ನಿದ್ದೆ ಬರುತ್ತದೆ. ಆದರೆ ಒಂದು ವಿಷಯದಲ್ಲಿ ನಾವು ಪ್ರಾಮಾಣಿಕರಾಗಿರಬೇಕು. ಆ ಏಳು ಗಂಟೆ ಮಗಳ ಕ್ಷೇಮಕ್ಕೆ ಎಷ್ಟು, ನಮ್ಮ ನಿದ್ದೆಗೆ ಎಷ್ಟು ಎಂದು ಲೆಕ್ಕ ಹಾಕಿಕೊಳ್ಳಬೇಕು. ನಮ್ಮ ನಿದ್ದೆಗೆ ಇಟ್ಟ ಭಾಗವನ್ನೂ ಪ್ರೀತಿ ಎಂದು ಅವಳ ಹೆಸರಿಗೆ ಬರೆಯಬಾರದು.

ಇಲ್ಲಿಗೆ ಬಂದಾಗ ನನ್ನ ಹೋಲಿಕೆ ಕುಂಟುತ್ತದೆ ಎಂಬುದೂ ನನಗೆ ತಿಳಿದಿದೆ. ಹುಡುಗಿಯನ್ನು ಬಟ್ಟೆಗೆ ಹೋಲಿಸುತ್ತಾ ಹೋದರೆ ಹಿಡಿಯುವ ಕೈ ಯಾವಾಗಲೂ ಬೇರೆಯವರದೇ ಆಗುತ್ತದೆ. ತಂದೆಯದು, ಗಂಡನದು, ನಮ್ಮದು. ಬಟ್ಟೆಗೆ ಸೂರ್ಯ ಎಲ್ಲಿದ್ದಾನೆ ಎಂದು ತಿಳಿಯದು. ಮೊಮ್ಮಗಳಿಗೆ ತಿಳಿಯುತ್ತದೆ. ಈ ಕ್ಯಾಮೆರಾ ಈಗ ಇರುವುದೇ ಅವಳ ಕೈಯಲ್ಲಿ. ದೂರ್ವಾಸರು ಮಾಡದೆ ಬಿಟ್ಟದ್ದನ್ನು ಮಾಡುವುದಷ್ಟೇ ನಮ್ಮ ಪಾಲಿಗೆ ಉಳಿದ ಕೆಲಸ. ಯಾವುದು ಸುಡುತ್ತದೆ, ಎಷ್ಟು ಹೊತ್ತಿನಲ್ಲಿ ಸುಡುತ್ತದೆ, ಸುಟ್ಟದ್ದು ಹೇಗೆ ಕಾಣುತ್ತದೆ ಎಂದು ನಾಚಿಕೆಯಿಲ್ಲದೆ, ಹೆದರಿಸದೆ ಹೇಳಿಕೊಡಬೇಕು. ಎಲ್ಲಾದರೂ ತೂತು ಬಿದ್ದರೆ ಮುಚ್ಚಿಟ್ಟುಕೊಳ್ಳದೆ ಬಂದು ತೋರಿಸುವಷ್ಟು ಧೈರ್ಯ ಅವಳಿಗಿರುವಂತೆ ನಾವು ನಡೆದುಕೊಳ್ಳಬೇಕು. ಕೊನೆಯದೇ ಎಲ್ಲಕ್ಕಿಂತ ಮುಖ್ಯ. ಎಷ್ಟೇ ಹೇಳಿಕೊಟ್ಟರೂ ಒಂದು ದಿನ ಯಾವುದೋ ಮರಳಿನ ಮೇಲೆ ಯಾವುದೋ ಬಿಸಿಲು ಬಿದ್ದೇ ಬೀಳುತ್ತದೆ.

ತೂತು ಬಿದ್ದ ಪರದೆಗೆ ಕರಿಯ ಬಣ್ಣ ಹಚ್ಚಿ ಸದ್ಯಕ್ಕೆ ಮುಚ್ಚಬಹುದು. ತೆಳ್ಳಗೆ ಹಚ್ಚಬೇಕು, ದಪ್ಪಗೆ ಹಚ್ಚಿದರೆ ಬಟ್ಟೆ ಬಿರುಸಾಗಿ ಓಟ ಕೆಡುತ್ತದೆ. ಸರಿಯಾದ ದುರಸ್ತಿ ಎಂದರೆ ಬಿಚ್ಚಿ ಹೊಸ ಬಟ್ಟೆ ಕೂರಿಸುವುದು. ಆ ಹಿರಿಯರು ಅದನ್ನೇ ಮಾಡಿಕೊಟ್ಟರು. ಹೊಸ ಚಿತ್ರಗಳಲ್ಲಿ ಚುಕ್ಕೆ ಇಲ್ಲ. ಹಳೆಯವುಗಳಲ್ಲಿ ಇದ್ದದ್ದು ಇದ್ದೇ ಇದೆ. ಕಂಪ್ಯೂಟರಿನಲ್ಲಿ ಅಳಿಸಿಕೊಡುತ್ತೇನೆ ಎಂದು ಮೊಮ್ಮಗಳು ಹೇಳಿದ್ದಳು. ಬೇಡ ಎಂದವರು ಚಿಕ್ಕಮ್ಮ. ಚುಕ್ಕೆ ಅಳಿಸಿದರೆ ತಾನು ಆ ಚಿತ್ರಗಳಲ್ಲಿ ಏಕೆ ಇಲ್ಲ ಎಂಬುದಕ್ಕೆ ಕಾರಣವೂ ಅಳಿಸಿಹೋಗುತ್ತದಂತೆ. ಅವರು ಹೇಳಿದ್ದು ಸರಿ ಎಂದು ನನಗೂ ಅನ್ನಿಸಿತು. ಬಿಸಿಲಿನಿಂದ ಆದದ್ದನ್ನು ಕ್ಷಮಿಸಬಹುದು. ಅದನ್ನು ಒಬ್ಬಳ ಕಾಲಿಗೆ ಕಟ್ಟಿದ್ದನ್ನು ಮರೆಯಬೇಕಾಗಿಲ್ಲ.